ಗಾಡಿ ನಿಂತ ಮೇಲೆ

ದಾವಣಗೆರೆಯಲ್ಲಿ ಪಿ.ಬಿ. ರೋಡ್ ಅಂದರೆ ಪೂನಾ–ಬೆಂಗಳೂರು ರೋಡ್. ದೊಡ್ಡ ಗಾಡಿಗಳು ಬೈಪಾಸ್ ಹಿಡಿದು ಎಷ್ಟೋ ವರ್ಷಗಳಾದವು. ಪೂನಾ ಪುಣೆಯಾಯಿತು. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ನಂಬರು ಬದಲಾಯಿಸಿದಾಗ 4 ಹೋಗಿ 48 ಬಂತು. ಊರವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಪಿ.ಬಿ. ರೋಡೇ. ಆ ರಸ್ತೆಯ ಬದಿಯ ಬೇವಿನ ಮರವೊಂದರ ಕೆಳಗೆ ಸಂಜೆ ಐದರ ಮೇಲೆ ಐದಾರು ಮಂದಿ ಬಂದು ಕೂರುತ್ತಾರೆ. ಎಲ್ಲರೂ ಲಾರಿ ಓಡಿಸುತ್ತಲೇ ವಯಸ್ಸಾದವರು. ನಡುವೆ ಪೇಪರಿನ ಮೇಲೆ ಮಂಡಕ್ಕಿ, ಮಿರ್ಚಿ, ಪಕ್ಕದಲ್ಲಿ ಅರ್ಧರ್ಧ ಚಹಾ. ಕೂತದ್ದು ಇಲ್ಲಿ, ಮಾತು ಓಡುವುದು ಅಹಮದಾಬಾದು, ಕಾನ್ಪುರ, ಕಲ್ಕತ್ತಾ ಕಡೆಗೆ.

ನಾನು ಅಲ್ಲಿಗೆ ಹೋಗಿ ಕೂರಲು ಶುರುಮಾಡಿ ಎರಡು ವರ್ಷವಾಯಿತು. ನನ್ನ ಅಪ್ಪ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಬುಕಿಂಗ್ ಗುಮಾಸ್ತರಾಗಿದ್ದರು. ಅವರ ಕಾಲದ ಒಬ್ಬ ಡ್ರೈವರ್ ಆ ಮರದ ಕೆಳಗೆ ಸಿಗುತ್ತಾರೆಂದು ಯಾರೋ ಹೇಳಿದರು, ನೋಡಿ ಬರೋಣವೆಂದು ಹೋದೆ. ಆಮೇಲೆ ಬಿಡಲು ಆಗಲಿಲ್ಲ.

ಹಳೆಯ ಕಂಪನಿಗಳ ಹೆಸರನ್ನು ಇವರು ಮನೆತನದ ಹೆಸರು ಹೇಳಿದ ಹಾಗೆ ಹೇಳುತ್ತಾರೆ. ಒಬ್ಬರಿಗೆ ಟಿವಿಎಸ್‌ನವರ ಸದರ್ನ್ ರೋಡ್‌ವೇಸ್, ಇನ್ನೊಬ್ಬರಿಗೆ ಪಟೇಲ್ ರೋಡ್‌ವೇಸ್, ಮತ್ತೊಬ್ಬರಿಗೆ ಪೊಳ್ಳಾಚಿ ಕಡೆ ಬಸ್ಸು ಬಿಡುತ್ತ ಬೆಳೆದ ಎಬಿಟಿಯ ಪಾರ್ಸೆಲ್ ಗಾಡಿಗಳು. 1958ರಲ್ಲಿ ಕಲ್ಕತ್ತೆಯಲ್ಲಿ ಒಂದು ಲಾರಿ, ಒಂದು ಆಫೀಸಿನಿಂದ ಹೊರಟ ಟಿಸಿಐ. 1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಶುರುಮಾಡಿ, ಹುಬ್ಬಳ್ಳಿಗೆ ಬಂದು ಸಾವಿರಾರು ಗಾಡಿಗಳಿಗೆ ಬೆಳೆಸಿದ ವಿಆರ್‌ಎಲ್. ಇವು ಊರೆಲ್ಲ ಬಲ್ಲ ಹೆಸರುಗಳು. ಇವುಗಳ ನಡುವೆ ಯಾರೂ ಬರೆದಿಡದ ಹೆಸರುಗಳೂ ಬರುತ್ತವೆ. ಮೂರು ಗಾಡಿ, ಐದು ಗಾಡಿಯ ಕಂಪನಿಗಳು. ಮನೆದೇವರ ಹೆಸರಿನವು, ಮಗಳ ಹೆಸರಿನವು. ಕಲಾಸಿಪಾಳ್ಯದ ಮಹಡಿಯ ಮೇಲೆ ಒಂದು ಟೇಬಲ್ಲು, ಒಂದು ಫೋನು, ಹುಬ್ಬಳ್ಳಿಯಲ್ಲೊಂದು ಗೋಡೌನು, ಅಷ್ಟೇ ಆಸ್ತಿ. ಬೋರ್ಡು ಕಳಚಿ ದಶಕಗಳಾಗಿವೆ. ಈ ಐದಾರು ಮಂದಿಯ ನೆನಪಿನಲ್ಲಿ ಮಾತ್ರ ಅವುಗಳ ಬಾಗಿಲು ಇನ್ನೂ ತೆರೆದಿದೆ.

ಲಾರಿಗಳ ಹೆಸರೂ ಹಾಗೆಯೇ. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆಗೂಡಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿದರು. 1969ರಲ್ಲಿ ಆ ಒಪ್ಪಂದ ಮುಗಿಯಿತು, ಮೂತಿಯ ಮೇಲಿನ ಮೂರು ಕಡ್ಡಿಯ ನಕ್ಷತ್ರ ಹೋಗಿ ‘ಟಿ’ ಅಕ್ಷರ ಬಂತು. ಇವರಿಗೆ ಅದು ಬೆಂಜ್ ಲಾರಿಯೇ. ಆಗ ಫ್ಯಾಕ್ಟರಿಯಿಂದ ಬರುತ್ತಿದ್ದದ್ದು ಬರೀ ಚಾಸಿ. ಎಂಜಿನ್ನು, ಚಕ್ರ, ಸ್ಟೇರಿಂಗು. ಮೇಲೆ ಛಾವಣಿಯಿಲ್ಲ, ಪಕ್ಕದಲ್ಲಿ ಬಾಗಿಲಿಲ್ಲ. ಹಲಗೆಯ ಸೀಟು ಕಟ್ಟಿಕೊಂಡು, ತಲೆಗೆ ಟವಲು ಸುತ್ತಿ, ಬಿಸಿಲು ಮಳೆ ಧೂಳನ್ನೆಲ್ಲ ಮುಖದ ಮೇಲೆ ತೆಗೆದುಕೊಂಡು ಜಮ್‌ಶೆಡ್‌ಪುರದಿಂದ ದಕ್ಷಿಣಕ್ಕೆ ದಿನಗಟ್ಟಲೆ ಓಡಿಸಿಕೊಂಡು ಬರಬೇಕು. ಬಂದ ಮೇಲೆ ನಾಮಕ್ಕಲ್ಲು, ತಿರುಚೆಂಗೋಡಿನ ಬಡಗಿಗಳು ಅದಕ್ಕೆ ಮೈ ಕಟ್ಟುತ್ತಿದ್ದರು. “ಮೈಯಿಲ್ಲದ ಗಾಡಿಗೆ ನಮ್ಮ ಮೈಯೇ ಬಾಡಿ ಆಗಿತ್ತು ನೋಡ್ರಿ” ಎಂದರು ಒಬ್ಬರು. ಅದನ್ನು ಕಷ್ಟವೆಂದು ಹೇಳಿದ್ದಲ್ಲ. ಆ ವಯಸ್ಸಿನ ತನ್ನನ್ನು ತಾನೇ ದೂರದಿಂದ ಕಂಡು ಆಶ್ಚರ್ಯಪಡುವ ದನಿ ಅದರಲ್ಲಿತ್ತು.

ನನಗೆ ಚಿಕ್ಕಂದಿನಿಂದ ಬೆರಗಾಗಿದ್ದದ್ದು ಬೇರೆ. ಅಪ್ಪನ ಟೇಬಲ್ಲಿನ ಮೇಲೆ ಎಲ್‌ಆರ್ ಪುಸ್ತಕ ಇರುತ್ತಿತ್ತು. ಲಾರಿ ರಸೀದಿ, ಉತ್ತರದವರ ಬಾಯಲ್ಲಿ ಬಿಲ್ಟಿ. ಹಾಳೆಗಳ ನಡುವೆ ಕಾರ್ಬನ್ ಇಟ್ಟು, ಪೆನ್ನನ್ನು ಒತ್ತಿ ಒತ್ತಿ ಬರೆದು ಅಪ್ಪನ ತೋರುಬೆರಳು ಯಾವಾಗಲೂ ನೀಲಿ. ಕಳಿಸುವವನಿಗೊಂದು ಪ್ರತಿ, ಪಡೆಯುವವನಿಗೊಂದು, ಡ್ರೈವರಿಗೊಂದು, ಆಫೀಸಿಗೊಂದು. ಹತ್ತಿಯ ಅಂಡಿಗೆಯೋ ಮೆಣಸಿನಕಾಯಿ ಚೀಲವೋ ತಂದು ಇಳಿಸಿದ ವ್ಯಾಪಾರಿ ಆ ತೆಳ್ಳನೆಯ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದ. ಅವನು ಡ್ರೈವರನ್ನು ಕಂಡಿರುತ್ತಿರಲಿಲ್ಲ. ಡ್ರೈವರು ಮಾಲಿನ ಒಡೆಯನನ್ನು ಕಂಡಿರುತ್ತಿರಲಿಲ್ಲ. ಐದನೆಯ ದಿನ ಸಾವಿರ ಮೈಲಿ ಆಚೆ, ಯಾವುದೋ ಊರಿನ ಯಾವುದೋ ಗೋಡೌನಿನ ಮುಂದೆ ಅದೇ ಚೀಲಗಳು, ಅಷ್ಟೇ ಚೀಲಗಳು ಇಳಿಯುತ್ತಿದ್ದವು. “ಮಾಲು ನಮ್ಮದಲ್ಲ, ಮಾತು ನಮ್ಮದು” ಅನ್ನುತ್ತಿದ್ದರು ಅಪ್ಪ.

ಆ ಮಾತಿಗೆ ಕಾನೂನಿನ ಬಲವೂ ಇತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. 1865ರ ಸಾಗಣೆದಾರರ ಕಾಯ್ದೆಯ ಪ್ರಕಾರ, ಮಾಲು ಕಳೆದುಹೋದರೆ ಸಾಗಣೆದಾರ ಅಲಕ್ಷ್ಯ ಮಾಡಿದನೆಂದು ಮಾಲಿನ ಒಡೆಯ ರುಜುವಾತು ಮಾಡಬೇಕಾಗಿರಲಿಲ್ಲ. ಒಪ್ಪಿಕೊಂಡವನು ತಲುಪಿಸಬೇಕು, ಅಷ್ಟೇ. ಲಾರಿ ಎಂಬುದೇ ಇಲ್ಲದ ಕಾಲದಲ್ಲಿ ಬರೆದ ಆ ಕಾಯ್ದೆ, ರಸ್ತೆ ಸಾಗಣೆಗೆಂದೇ ಆದ 2007ರ ಬೇರೆ ಕಾಯ್ದೆ 2011ರಲ್ಲಿ ಜಾರಿಗೆ ಬರುವವರೆಗೂ ಲಾರಿಯ ಮಾಲನ್ನು ಕಾದಿತ್ತು. ಬೀಗ ಹಾಕದ, ಟಾರ್ಪಾಲು ಹೊದ್ದ, ಹಗ್ಗ ಬಿಗಿದ ಒಂದು ಹೊರೆ ಕಾಡು, ಘಾಟಿ, ಕತ್ತಲೆಗಳನ್ನು ದಾಟಿ ಹೇಳಿದ ಬಾಗಿಲಿಗೇ ಹೋಗಿ ನಿಲ್ಲುವುದು ದಿನವೂ ನಡೆಯುತ್ತದೆ. ದಿನವೂ ನಡೆಯುತ್ತದೆ ಎಂಬ ಕಾರಣಕ್ಕೇ ಯಾರಿಗೂ ಅದು ಬೆರಗೆನಿಸುವುದಿಲ್ಲ. ನನ್ನ ಮಟ್ಟಿಗೆ, ಒಂದು ದೇಶ ತನ್ನನ್ನು ತಾನು ನಂಬುವ ಬಗೆ ಇಷ್ಟು ಬರಿಗಣ್ಣಿಗೆ ಕಾಣುವ ಜಾಗ ಇನ್ನೊಂದಿಲ್ಲ.

ಮರದ ಕೆಳಗೆ ಕೂತು ಕೇಳಿದ ಮೇಲೆ ಆ ನಂಬಿಕೆ ಕೈಗೆ ಹೇಗೆ ಇಳಿಯುತ್ತದೆಂದು ಗೊತ್ತಾಯಿತು. ಒಂದು ಸಂಜೆ ದಾರಿ ಬದಿಯಲ್ಲಿ ಲಾರಿಯೊಂದು ನಿಂತಿತು. ಕ್ಲೀನರ್ ಹುಡುಗ ಇಳಿದು ಕಬ್ಬಿಣದ ಲಿವರ್ ಹಿಡಿದು ಒಂದೊಂದೇ ಟೈರಿಗೆ ಬಡಿಯುತ್ತ ಸುತ್ತು ಬಂದ. ನಮ್ಮವರೆಲ್ಲ ಮಾತು ನಿಲ್ಲಿಸಿದರು. ಠಣ್, ಠಣ್, ಠಣ್. ಹಿಂದಿನ ಜೋಡಿ ಚಕ್ರಕ್ಕೆ ಬಂದಾಗ ಸದ್ದು ಕೊಂಚ ಮಂದವಾಯಿತು. ನನಗೆ ಅದು ಕೇಳಿಸಲೂ ಇಲ್ಲ. ಬೆನ್ನು ತಿರುಗಿಸಿ ಕೂತಿದ್ದ ಹಿರಿಯರು ತಿರುಗಿ ನೋಡದೆಯೇ “ಒಳಗಿನ ಟೈರು ಇಳಿದೈತಿ ತಮ್ಮಾ” ಎಂದು ಕೂಗಿದರು. ಹುಡುಗ ಬಗ್ಗಿ ಕೈಯಿಟ್ಟು ನೋಡಿ ತಲೆಯಾಡಿಸಿದ. ಅವರು ಲಾರಿ ಬಿಟ್ಟು ಹದಿಮೂರು ವರ್ಷವಾಗಿದೆ.

ಹೊರೆಯ ಗುಣವನ್ನೂ ಅವರು ಹಾಗೆಯೇ ಬಲ್ಲರು. ಕಬ್ಬಿಣ ಹೇರಿದವನು ಇಳಿಜಾರಿಗೆ ಹೆದರಬೇಕು, ಮಂಡಕ್ಕಿ ಹೇರಿದವನು ಗಾಳಿಗೆ ಹೆದರಬೇಕು. ಮಂಡಕ್ಕಿಯ ಚೀಲ ಆಕಾಶದೆತ್ತರ ಕಟ್ಟಿದರೂ ತೂಕವಿಲ್ಲ, ಬಯಲಿನಲ್ಲಿ ಅಡ್ಡಗಾಳಿ ಬೀಸಿದರೆ ಗಾಡಿ ವಾಲುತ್ತದೆ. ತೂಕವಿರುವ ಹೊರೆಗೆ ಒಂದು ಅಪಾಯ, ತೂಕವಿಲ್ಲದ್ದಕ್ಕೆ ಇನ್ನೊಂದು. ಈ ಮಾತು ಕೇಳಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಹೀಗೆ ಎರಡು ವರ್ಷ ಕೇಳುತ್ತ ಕೇಳುತ್ತ ಒಂದು ಸಂಗತಿ ಗಮನಕ್ಕೆ ಬಂತು. ಇವರು ಹಳೆಯ ಕಂಪನಿಗಳನ್ನು ಅಳೆಯುವ ಅಳತೆ ನಾನು ಎಣಿಸಿದ್ದಲ್ಲ. ಯಾವ ಕಂಪನಿಗೆ ಎಷ್ಟು ಗಾಡಿ, ಯಾರು ಎಷ್ಟು ಬತ್ತಾ ಕೊಟ್ಟರು ಎಂಬುದು ಮಾತಿನಲ್ಲಿ ಬಂದು ಹೋಗುತ್ತದೆ. ಮತ್ತೆ ಮತ್ತೆ ತಿರುಗಿ ಬರುವುದು ಬೇರೆ. “ಅವ್ರ ಯಾರ್ಡಿನಾಗ ನೀರಿನ ತೊಟ್ಟಿ ಇತ್ರಿ, ಇಳಿದ ತಕ್ಷಣ ತಲೆ ಮೇಲೆ ನಾಕು ಕೊಡ ಸುರುಕೊಂತಿದ್ವಿ.” “ಆ ಗೋಡೌನಿನ ಮಾಲೀಕನ ತಾಯಿ, ಲೋಡ್ ಇಳಿಯೋತನಕ ಡ್ರೈವರ್ ಹಸಕೊಂಡಿರಬಾರದು ಅಂತ ರೊಟ್ಟಿ ಕಳಸ್ತಿದ್ಲು.” “ಅಲ್ಲಿ ಕಾಥಿ ಮಂಚ ಹಾಕಿರ್ತಿದ್ರು, ಬೆನ್ನು ಚಾಚಿದ್ರ ಸಾಕು.” ಕೆಟ್ಟ ನೆನಪುಗಳೂ ಇಂಥವೇ. ಮಳೆಯಲ್ಲಿ ಗೇಟಿನಾಚೆ ನಿಲ್ಲಿಸಿದ್ದು, ನೀರು ಕೇಳಿದರೆ ಕಾವಲುಗಾರ ಮುಖ ತಿರುಗಿಸಿದ್ದು. ಓಡಿದ ಲಕ್ಷಾಂತರ ಕಿಲೋಮೀಟರು ಒಟ್ಟಾಗಿ ಒಂದು ಮಸುಕು ಗೆರೆಯಾಗಿವೆ. ನಿಂತ ಜಾಗಗಳು ಮಾತ್ರ ಒಂದೊಂದೂ ಬೇರೆ ಬೇರೆಯಾಗಿ, ನೀರಿನ ರುಚಿಯ ಸಮೇತ ಉಳಿದಿವೆ.

ನಮ್ಮ ಗೋಡೆಯ ಮೇಲಿನ ಭಾರತದ ನಕ್ಷೆಯಲ್ಲಿ ರಾಜಧಾನಿಗಳಿವೆ, ನದಿಗಳಿವೆ. ಇವರ ತಲೆಯೊಳಗಿನ ಭಾರತದಲ್ಲಿ ಇರುವುದು ನಲ್ಲಿಗಳು, ನೆರಳಿನ ಮರಗಳು, ರಾತ್ರಿ ಎರಡಕ್ಕೂ ಬಾಗಿಲು ತೆಗೆಯುವ ಪಂಕ್ಚರ್ ಅಂಗಡಿಗಳು. ಬಂಪರಿಗೆ ತೂಗುಹಾಕಿದ ಕ್ಯಾನ್ವಾಸ್ ಚೀಲದ ನೀರು ಗಾಳಿಗೆ ತಣ್ಣಗಾಗುತ್ತಿತ್ತು. ಅದನ್ನು ತುಂಬಿಸಿಕೊಳ್ಳಲು ಯಾವ ಊರಿನ ಯಾವ ಬಾವಿ ಸಿಹಿ ಎಂಬುದು ಇವರಿಗೆ ಬಾಯಿಪಾಠ. ಆ ನಕ್ಷೆಯನ್ನು ಯಾರೂ ಅಚ್ಚು ಹಾಕಿಲ್ಲ. ಮರದ ಕೆಳಗೆ ಒಬ್ಬೊಬ್ಬರೇ ಕಡಿಮೆಯಾದ ಹಾಗೆ ಅದೂ ತುಂಡು ತುಂಡಾಗಿ ಅಳಿಯುತ್ತಿದೆ.

ಅಪ್ಪನ ಕಾಲದ ಆ ಡ್ರೈವರ್ ನನಗೆ ಹೇಳಿದ ಸಂಗತಿ ಇದು. ಆಗ ಡ್ರೈವರಿಗೆ ವಿಳಾಸವೆಂದರೆ ಕಂಪನಿಯ ಬ್ರಾಂಚ್ ಆಫೀಸು. ಮನೆಯ ಕಾಗದ ಬಂದರೂ ‘ಕೇರಾಫ್’ ಕಂಪನಿ. ಅವರು ಬಾಂಬೆ ಲೈನಿನಲ್ಲಿದ್ದಾಗ ಇಲ್ಲಿ ಹೆಂಡತಿಗೆ ಹೆರಿಗೆಯಾಯಿತು. ಮಾವ ಓಡಿಬಂದು ಆಫೀಸಿನಲ್ಲಿ ಹೇಳಿದರು. ಟ್ರಂಕ್ ಕಾಲ್ ಸಿಗಲಿಲ್ಲ. ಅಪ್ಪ ಬರೆದು ಕೆಟ್ಟಿದ್ದ ಒಂದು ಎಲ್‌ಆರ್ ಹಾಳೆ ಹರಿದು, ಅದರ ಹಿಂದೆ “ಹೆಣ್ಣು ಮಗು. ತಾಯಿ ಮಗು ಕ್ಷೇಮ. ಅವಸರ ಮಾಡಿ ಓಡಿಸಬೇಡಿ” ಎಂದು ಬರೆದು ಆ ಸಂಜೆ ಹೊರಟ ಗಾಡಿಯವನ ಕೈಗೆ ಕೊಟ್ಟರಂತೆ. ಆ ಗಾಡಿ ಬೆಳಗಾವಿವರೆಗೆ ಮಾತ್ರ. ಅಲ್ಲಿ ಚೀಟಿ ಇನ್ನೊಬ್ಬನ ಕೈಗೆ ಹೋಯಿತು, ಕೊಲ್ಹಾಪುರದಲ್ಲಿ ಮತ್ತೊಬ್ಬನ ಕೈಗೆ. ಆ ಮತ್ತೊಬ್ಬ ಬೇರೆ ಕಂಪನಿಯವನು, ಕನ್ನಡ ಬಾರದವನು. ಮೂರನೆಯ ದಿನ ಬಾಂಬೆಯ ಯಾರ್ಡಿನಲ್ಲಿ, ಲಾರಿಯ ನೆರಳಿನಲ್ಲಿ ಮಲಗಿದ್ದ ಇವರನ್ನು ಎಬ್ಬಿಸಿ ಅವನು ಚೀಟಿ ಕೊಟ್ಟ. “ಬರೆದದ್ದು ಏನಂತ ಅವನಿಗೆ ಗೊತ್ತಿರಲಿಲ್ರಿ. ನನ್ನ ಮುಖ ನೋಡಿ ತಿಳಕೊಂಡ. ಹೋಗಿ ಪೇಡೆ ತಂದ.”

ಚೀಟಿಗೆ ಬಾಡಿಗೆಯಿರಲಿಲ್ಲ, ರಸೀದಿಯಿರಲಿಲ್ಲ. ಆದರೂ ತಲುಪಿತು. ಅಪ್ಪನ “ಮಾತು ನಮ್ಮದು” ಎಂಬುದರ ಅರ್ಥ ನನಗೆ ಪೂರ್ತಿ ಆದದ್ದು ಇದನ್ನು ಕೇಳಿದ ಸಂಜೆ, ಅಪ್ಪ ತೀರಿಕೊಂಡ ಎಷ್ಟೋ ವರ್ಷದ ಮೇಲೆ. ಚೀಟಿಯ ಕೊನೆಯ ಸಾಲನ್ನು ಗಮನಿಸಿ: ಅವಸರ ಮಾಡಿ ಓಡಿಸಬೇಡಿ. ಮಾಲಿನ ಲೆಕ್ಕ ಬರೆಯುವ ಗುಮಾಸ್ತ, ಲೆಕ್ಕದ ಹಾಳೆಯ ಬೆನ್ನ ಮೇಲೆ ಮನುಷ್ಯನ ಬಗ್ಗೆ ಯೋಚಿಸಿದ್ದರು.

ಮನೆಗೆ ಬಂದ ದಿನಗಳ ಬಗ್ಗೆ ಇವರೆಲ್ಲ ಮೆಲುದನಿಯಲ್ಲಿ ಮಾತಾಡುತ್ತಾರೆ. ತಿಂಗಳಿಗೆ ನಾಲ್ಕು ದಿನವೋ ಐದು ದಿನವೋ. ಮೊದಲ ದಿನ ಮಗು ಹತ್ತಿರ ಬರುವುದಿಲ್ಲ, ಮೂರನೆಯ ದಿನ ತೊಡೆ ಏರುತ್ತದೆ, ನಾಲ್ಕನೆಯ ದಿನ ಲೋಡ್ ಬರುತ್ತದೆ. ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆ ಹತ್ತದೆ ಒಬ್ಬರು ಮನೆಯ ಮುಂದಿನ ಕಟ್ಟೆಯ ಮೇಲೆ ಮಲಗುತ್ತಿದ್ದರಂತೆ. ಎಂಜಿನ್ನಿನ ಸದ್ದಿಲ್ಲದ ಮೌನಕ್ಕೇ ಎಚ್ಚರವಾಗುತ್ತಿತ್ತಂತೆ.

ಓಡುತ್ತಿರುವಾಗ ದಾರಿ ಕಾಣುತ್ತದೆಯೇ ಎಂದು ನಾನೊಮ್ಮೆ ಕೇಳಿದೆ. ಉತ್ತರ ಕೊಟ್ಟವರು ಮಂಗಳೂರು ಹೆಂಚು ಹೇರುತ್ತಿದ್ದವರು. 1999ರ ಜನವರಿಯಲ್ಲಿ ಕೊಂಕಣ ರೈಲ್ವೆಯವರು ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಒಯ್ಯುವ ರೋ-ರೋ ಸೇವೆ ಶುರುಮಾಡಿದರು. ಮೊದಲು ಮಹಾರಾಷ್ಟ್ರದ ಕೋಲಾಡಿನಿಂದ ಗೋವಾದ ವೆರ್ಣಾವರೆಗೆ, ಆಮೇಲೆ ನಮ್ಮ ಸುರತ್ಕಲ್ಲಿನವರೆಗೆ. ಗಾಡಿಯನ್ನು ಬಯಲು ವ್ಯಾಗನ್ನಿನ ಮೇಲೆ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಟ್ಟು, ಎಂಜಿನ್ ಆರಿಸಿ ಡ್ರೈವರ್ ತನ್ನ ಸೀಟಿನಲ್ಲೇ ಕೂರಬೇಕು. ಅದೇ ಕರಾವಳಿಯ ದಾರಿಯಲ್ಲಿ ಇಪ್ಪತ್ತು ವರ್ಷ ಲಾರಿ ಓಡಿಸಿದ್ದ ಅವರು ಒಮ್ಮೆ ಹೀಗೆ ಲಾರಿ ಸಮೇತ ರೈಲು ಹತ್ತಿದರು. “ಮೊದಲ ಸುರಂಗದಾಗ ನನ್ನ ಕಾಲು ಬ್ರೇಕ್ ಹುಡುಕ್ತಿತ್ರಿ” ಎಂದರು. ಹೊನ್ನಾವರದ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಬಂತು. ಕೈ ಸ್ಟೇರಿಂಗಿನ ಮೇಲಿತ್ತು, ಆದರೆ ಮಾಡಲು ಏನೂ ಇರಲಿಲ್ಲ. ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಗ ಹೊಳೆ ಕಂಡಿತು. ಒಂದು ಬದಿಯಲ್ಲಿ ಹೊಳೆ ಸಮುದ್ರಕ್ಕೆ ಸೇರುವುದು, ಇನ್ನೊಂದು ಬದಿಯಲ್ಲಿ ಸಾಲುಬೆಟ್ಟ. ರತ್ನಾಗಿರಿಯ ಹತ್ತಿರ ಪಣವಲ್ ಸೇತುವೆ, 64 ಮೀಟರ್ ಎತ್ತರ. ಕೆಳಗೆ ತೆಂಗಿನ ಮರಗಳು ಸಸಿಗಳ ಹಾಗೆ. ಅದಾದ ಮೇಲೆ ಆರೂವರೆ ಕಿಲೋಮೀಟರಿನ ಕರ್ಬುಡೆ ಸುರಂಗದ ಕತ್ತಲೆ. “ಇಪ್ಪತ್ತು ವರ್ಷ ನಾನು ನೋಡಿದ್ದು ಮುಂದಿನ ಐವತ್ತು ಗಜ. ಅವತ್ತು ದೇಶ ನೋಡಿದೆ.”

ಬೆರಗು ಎಂಬುದು ಬಿಡುವಿನ ಮಗು ಎಂದು ನನಗೆ ಅವತ್ತು ಅನಿಸಿತು. ಕಣ್ಣಿದ್ದರೆ ಸಾಲದು, ಕೈ ಖಾಲಿಯಾಗಬೇಕು. ಸದಾ ದಾರಿಯಲ್ಲಿರುವವನಿಗೆ ದಾರಿ ಕಾಣುವುದು ಯಾರಾದರೂ ಅವನ ಭಾರವನ್ನು ಒಂದು ರಾತ್ರಿಯ ಮಟ್ಟಿಗೆ ಹೊತ್ತಾಗ. ನೀರಿನ ತೊಟ್ಟಿ, ಕಾಥಿ ಮಂಚ, ಬುತ್ತಿಯ ರೊಟ್ಟಿ ಮಾಡಿದ್ದೂ ಅದನ್ನೇ. ಆ ಕಂಪನಿಗಳು ಕೊಟ್ಟದ್ದು ಬರೀ ಸೌಕರ್ಯವಲ್ಲ. ಇವರು ಮನುಷ್ಯರಾಗಿ ಕಣ್ಣು ತೆರೆದು ಕೂರುವ ಒಂದೊಂದು ಗಳಿಗೆ. ಅದಕ್ಕೇ ಐವತ್ತು ವರ್ಷವಾದರೂ ಮರೆತಿಲ್ಲ.

ಈಗ ಎಷ್ಟೋ ಒಳ್ಳೆಯದಾಗಿದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟುಗಳ ಸಾಲು ಹೋಯಿತು. ಟೋಲಿನಲ್ಲಿ ಫಾಸ್ಟ್ಯಾಗ್. 2025ರ ಅಕ್ಟೋಬರಿನಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಎಂಜಿನ್ನಿನ ಕಾವು ತೊಡೆಗೆ ತಾಗಿ ಬೆಂದವರಿಗೆ ಆ ಸುದ್ದಿ ಕೇಳಿ ಕಣ್ಣು ತುಂಬಿತ್ತು. ಆದರೆ ನಿಂತಾಗಿನ ಬದುಕು ಅಷ್ಟು ಬದಲಾಗಿಲ್ಲ. ಸಂಜೆ ಚಹಾಕ್ಕೆಂದು ಇಳಿಯುವ ಈಗಿನ ಹುಡುಗರು ಹೇಳುವುದು ಅದನ್ನೇ. ಮಾಲು ಸಮಯಕ್ಕೆ ಬೇಕು. ಬಂದ ಮೇಲೆ ಗೇಟಿನಾಚೆ ಹತ್ತು ತಾಸು, ಹನ್ನೆರಡು ತಾಸು ಕಾಯಬೇಕು. ಒಳಗೆ ಶೌಚಾಲಯವಿದ್ದರೂ ಡ್ರೈವರಿಗಲ್ಲ.

ಮಾಲನ್ನು ಕಾಯುವ ಕಾಯ್ದೆ ಈ ದೇಶದಲ್ಲಿ 1865ರಲ್ಲೇ ಬಂತು. ಮೋಟಾರು ಓಡಿಸುವವನ ದುಡಿಮೆ ದಿನಕ್ಕೆ ಎಂಟು ತಾಸು ಎಂದು ಬರೆದ ಕಾಯ್ದೆ ಬಂದದ್ದು 1961ರಲ್ಲಿ. ನಡುವೆ 96 ವರ್ಷ. ಅದೂ ಐದು ಮಂದಿಗಿಂತ ಕಡಿಮೆ ದುಡಿಯುವ ಕಡೆಗೆ ತಾನಾಗಿ ಅನ್ವಯವಾಗುತ್ತಿರಲಿಲ್ಲ. ನಮ್ಮ ಲಾರಿಗಳಲ್ಲಿ ಬಹುಪಾಲು ಕೆಲವೇ ಗಾಡಿಗಳ ಸಣ್ಣ ಮಾಲೀಕರವು. ಕಾಯ್ದೆ ಮುಟ್ಟದ ಜಾಗದಲ್ಲಿ ಉಳಿಯುವುದು ಗುಮಾಸ್ತನ ಕೈಯ ಚೀಟಿ, ಗೋಡೌನಿನ ತಾಯಿಯ ರೊಟ್ಟಿ ಮಾತ್ರ.

ಘಾಟಿ ಇಳಿಯುವ ಬಗ್ಗೆ ಇವರಲ್ಲಿ ಒಂದು ಮಾತಿದೆ: ಹತ್ತಿದ ಗೇರಿನಲ್ಲೇ ಇಳಿ. ಏರುವಾಗ ಎರಡನೇ ಗೇರು ಬೇಕಾಗಿದ್ದರೆ ಇಳಿಯುವಾಗಲೂ ಎರಡೇ. ನ್ಯೂಟ್ರಲ್ ಮಾಡಿ ಬಿಟ್ಟವನಿಗೆ ಬ್ರೇಕ್ ಸುಟ್ಟು ಕಣಿವೆ ಕಾದಿರುತ್ತದೆ. ಬೇವಿನ ಮರದ ಕೆಳಗಿನವರು ತಮ್ಮ ಇಳಿಜಾರನ್ನು ಹಾಗೆಯೇ ಇಳಿಯುತ್ತಿದ್ದಾರೆ. ದುಡಿದಾಗ ಇದ್ದ ಎಚ್ಚರದಲ್ಲೇ, ಅವಸರವಿಲ್ಲದೆ, ನಿಂತ ಲಾರಿಯ ಟೈರಿನ ಸದ್ದಿಗೆ ಕಿವಿಗೊಟ್ಟು.

ಈ ಬರಹ ಓದುವವರಲ್ಲಿ ಅಂಗಡಿ, ಗೋಡೌನು, ಫ್ಯಾಕ್ಟರಿ ನಡೆಸುವವರು ಇದ್ದರೆ ನನ್ನದೊಂದು ಬೇಡಿಕೆ. ನಿಮ್ಮ ಗೇಟಿನ ಬಳಿ ಒಂದು ನಲ್ಲಿ ಹಾಕಿಸಿ. ಪಕ್ಕದಲ್ಲಿ ಒಂದು ಶೌಚಾಲಯ, ಬೆನ್ನು ಚಾಚಲು ನೆರಳಿನಲ್ಲಿ ಒಂದು ಕಟ್ಟೆ. ನಿಮ್ಮ ಕಂಪನಿಯ ಬೋರ್ಡು ಒಂದು ದಿನ ಇಳಿಯಬಹುದು. ಆ ನಲ್ಲಿಯ ನೀರು ಯಾವುದೋ ಊರಿನ ಯಾವುದೋ ಮರದ ಕೆಳಗೆ ಐವತ್ತು ವರ್ಷದ ಮೇಲೂ ನಿಮ್ಮ ಹೆಸರು ಹೇಳುತ್ತಿರುತ್ತದೆ.